ಬೆಕ್ಕಿನ ಬಿಡಾರ ಬೇರೆ



ಹೋದ ಮಳೆಗಾಲದಲ್ಲಿ ಸೊರಬದ ನಮ್ಮ ಮನೆಯ ಕಟ್ಟಿಗೆ ಕೋಣೆಗೆ 14 ದಿನ ಚಿಲಕ ಬಿದ್ದಿತ್ತು. ಬಾಗಿಲ ಕೆಳಗಿನ ಸಂದಿಗೆ ಹಳೆ ಪಂಚೆಯೊಂದನ್ನು ಸುರುಳಿ ಸುತ್ತಿ ತುರುಕಿದ್ದೆ. ಹೊರಗಡೆ ಒಂದು ಬಕೆಟ್ ನೀರು, ಸೋಪು, ಗೋಡೆಯ ಮೊಳೆಗೆ ನನ್ನದೊಂದು ಹಳೆ ನೈಟಿ. ಮನೆಗೆ ಬಂದ ನೆಂಟರೊಬ್ಬರು ಇದನ್ನೆಲ್ಲ ನೋಡಿ, "ಒಳಗೆ ಚಿರತೆ ಕೂಡಿಹಾಕಿದ್ದೀರೋ ಹ್ಯಾಗೆ?" ಎಂದು ಕೇಳಿದರು. ಒಳಗಿದ್ದದ್ದು ಅರ್ಧ ಕಿಲೋ ತೂಗದ ಒಂದು ಬೆಕ್ಕಿನ ಮರಿ.

ಅದು ಬಂದದ್ದು ಹೀಗೆ. ನನ್ನ ಮೊಮ್ಮಗ ಶಾಲೆಯಿಂದ ಬರುವಾಗ ದಂಡಾವತಿ ಸೇತುವೆಯ ಹತ್ತಿರ ಒಂದು ಗೋಣಿಚೀಲ ಕಂಡನಂತೆ. ಚೀಲದ ಬಾಯಿ ಕಟ್ಟಿತ್ತು, ಚೀಲ ಕೂಗುತ್ತಿತ್ತು. ಹೊಳೆ ದಾಟಿಸಿ ಬಿಟ್ಟ ಬೆಕ್ಕು ತಿರುಗಿ ಮನೆಗೆ ಬರುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಯಾರೋ ಪುಣ್ಯಾತ್ಮರು ಹೊಳೆ ದಾಟುವಷ್ಟು ದೂರವೂ ನಡೆದಿರಲಿಲ್ಲ. ಮೂರು ಮರಿ ಇದ್ದವು. ಎರಡು ಸತ್ತಿದ್ದವು. ಇವನು ಉಳಿದ ಒಂದನ್ನು ಛತ್ರಿ ತಲೆಕೆಳಗು ಮಾಡಿ ಅದರೊಳಗೆ ಇಟ್ಟುಕೊಂಡು, ತಾನು ಪೂರಾ ನೆನೆದುಕೊಂಡು, ಜಗುಲಿ ಹತ್ತಿ ನಿಂತ. ಹೊಳೆಯ ಹೆಸರನ್ನೇ ಮೊಟಕು ಮಾಡಿ ಆ ಮರಿಗೆ ದಂಡು ಎಂದು ಹೆಸರಿಟ್ಟವನೂ ಅವನೇ.

ಮನೆಯಲ್ಲಿ ಮೊದಲೇ ಎರಡು ಬೆಕ್ಕಿವೆ. ಕೆಂಚ ಎನ್ನುವ ಗಂಡು, ಬೂದಿ ಎನ್ನುವ ಹೆಣ್ಣು. ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ ಮಲಗಿ ಅವಳಿಗೆ ಆ ಹೆಸರು ಬಂತು. ಮರಿಯ ಕೂಗು ಕೇಳಿ ಎರಡೂ ಬಾಲ ದಪ್ಪ ಮಾಡಿಕೊಂಡು ಬಂದವು. ನಾನು ಛತ್ರಿಯ ಸಮೇತ ಮರಿಯನ್ನು ಎತ್ತಿಕೊಂಡು ನೇರ ಕಟ್ಟಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

ನಮ್ಮ ಅತ್ತೆಯವರಿಗೆ ಇದು ಸರಿಬರಲಿಲ್ಲ. ಅವರಿಗೆ 82 ವರ್ಷ, ಮಾತಿಗೆ ಇಪ್ಪತ್ತೆರಡು. "ಅದೆಂತಕ್ಕೆ ಮಾರಾಯ್ತಿ ಜೈಲಿಗೆ ಹಾಕ್ತೆ? ತಾಯಿ ಇಲ್ದೇ ಇರೋ ಕೂಸು. ಒಲೆ ಹತ್ರ ಬಿಟ್ರೆ ಬೂದಿನೇ ನೆಕ್ಕಿ ಸಾಕ್ತದೆ" ಎಂದರು. ತಾಯಿ ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುವ ಮಾತು ನಿಮಗೂ ಗೊತ್ತಿರಬೇಕು. ಅತ್ತೆ ಅದನ್ನೂ ಸೇರಿಸಿದರು: "ಏಳು ಮನೆ ತೋರ್ಸೋಕೆ ಅದರ ಅಮ್ಮ ಇಲ್ಲ. ನೀನು ಒಂದು ಮನೆನೂ ಪೂರ್ತಿ ತೋರ್ಸೋದಿಲ್ಲ ಅಂತೀಯಲ್ಲೇ."

ನಾನು ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಪುಟ್ಟಿಯ ಹೆಸರು ತೆಗೆಯಬೇಕಿತ್ತು. ಆ ಹೆಸರು ನಮ್ಮ ಮನೆಯಲ್ಲಿ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಆಗಲೂ ಹೀಗೇ ರಸ್ತೆ ಬದಿಯಲ್ಲಿ ಸಿಕ್ಕ ಒಂದು ಮರಿಯನ್ನು ತಂದಿದ್ದೆ, ನಾನೇ ತಂದದ್ದು. ಕನಿಕರ ಉಕ್ಕಿ ಹರಿಯುತ್ತಿತ್ತು ನೋಡಿ, ಅದೇ ದಿನ ಮನೆಯ ಬೆಕ್ಕುಗಳ ಜೊತೆ ಒಂದೇ ತಟ್ಟೆಯಲ್ಲಿ ಅನ್ನ ಹಾಕಿದೆ. ಬೂದಿಯ ಮಗಳು ಪುಟ್ಟಿಗೆ ಆಗ ಐದು ತಿಂಗಳು. ಅವಳಿಗೆ ಲಸಿಕೆ ಎನ್ನುವುದು ಏನೆಂದೇ ಗೊತ್ತಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಮೂರನೇ ದಿನ ಹೊಸ ಮರಿ ಹಳದಿ ನೊರೆ ವಾಂತಿ ಮಾಡಿತು, ಐದನೇ ದಿನ ಸತ್ತಿತು. ರಸ್ತೆಯಲ್ಲಿ ಏನೋ ತಿಂದಿತ್ತು ಎಂದುಕೊಂಡು ಬಾಳೆಯ ಬುಡದಲ್ಲಿ ಹೂತೆವು. ಒಂಬತ್ತನೇ ದಿನ ಪುಟ್ಟಿ ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂತಳು. ಬಾಯಾರಿಕೆ ಇತ್ತು, ಆದರೆ ಕುಡಿಯಲಿಲ್ಲ. ಒಂದಿಡೀ ಮಧ್ಯಾಹ್ನ ಹಾಗೇ ಕೂತಿದ್ದಳು. ಪಶುವೈದ್ಯರ ಹತ್ತಿರ ಒಯ್ಯುವ ಹೊತ್ತಿಗೆ ಮೈ ತಣ್ಣಗಾಗುತ್ತಿತ್ತು. ಆ ಬಟ್ಟಲಿನ ವಿಷಯ ಹೇಳಿದ ಕೂಡಲೇ ವೈದ್ಯರು ತಲೆಯಲ್ಲಾಡಿಸಿ, "ಪ್ಯಾನ್‌ಲ್ಯುಕೋಪೀನಿಯಾ" ಎಂದರು.

ಹೆಸರು ಉದ್ದ, ಅರ್ಥ ಸಣ್ಣದು: ರಕ್ತದ ಬಿಳಿ ಕಣಗಳೆಲ್ಲ ಬರಿದಾಗುವುದು. ನಾಯಿಗಳ ಪಾರ್ವೋ ರೋಗ ಕೇಳಿದ್ದೀರಲ್ಲ, ಅದರ ದಾಯಾದಿ. ಈ ವೈರಸ್ಸು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಕರುಳಿನ ಒಳಪದರಕ್ಕೆ ಹೋದರೆ ವಾಂತಿ ಭೇದಿ. ಮೂಳೆಯ ಮಜ್ಜೆಗೆ ಹೋದರೆ ರೋಗದ ಜೊತೆ ಹೋರಾಡುವ ಬಿಳಿ ಕಣಗಳೇ ಹುಟ್ಟುವುದಿಲ್ಲ. ಎಳೆಯ ಮರಿಗಳು ಬದುಕುವುದು ಅಪರೂಪ. ಮನುಷ್ಯರಿಗೆ ಇದು ಅಂಟುವುದಿಲ್ಲ, ಆದರೆ ಮನುಷ್ಯರ ಕೈ, ಕಾಲು, ಬಟ್ಟೆಯ ಮೇಲೆ ಕೂತು ಸವಾರಿ ಮಾಡುತ್ತದೆ. ವೈರಸ್ಸು ಮೈಗೆ ಸೇರಿ ರೋಗ ಕಾಣಿಸುವ ತನಕ ಎರಡರಿಂದ ಹತ್ತು ದಿನ ಹಿಡಿಯಬಹುದು. ಹೊಸ ಮರಿಯನ್ನು ಎರಡು ವಾರ ಬೇರೆ ಇಡಿ ಎನ್ನುವ ಲೆಕ್ಕ ಬಂದದ್ದು ಹೀಗೆ. ನೋಡಲಿಕ್ಕೆ ಚೆನ್ನಾಗಿದೆ, ಆಡುತ್ತಿದೆ, ತಿನ್ನುತ್ತಿದೆ ಎನ್ನುವುದು ಆ ಹತ್ತು ದಿನಗಳಲ್ಲಿ ಯಾವ ಸಾಕ್ಷಿಯೂ ಅಲ್ಲ.

ವೈದ್ಯರು ಅವತ್ತು ಇನ್ನೊಂದು ಮಾತು ಹೇಳಿದ್ದರು. ಈ ವೈರಸ್ಸು ನೆಲದ ಬಿರುಕಿನಲ್ಲಿ, ಚಾಪೆಯ ಎಳೆಯಲ್ಲಿ ಒಂದು ವರ್ಷದ ತನಕ ಜೀವ ಹಿಡಿದುಕೊಂಡಿರಬಲ್ಲದು, ಲಸಿಕೆ ಆಗದ ಮರಿಯನ್ನು ಒಂದು ವರ್ಷ ಈ ಮನೆಗೆ ತರಬೇಡಿ ಎಂದು. ತರಲಿಲ್ಲ. ಕೆಂಚ, ಬೂದಿ ಹ್ಯಾಗೋ ಪಾರಾದವು. ಬಹುಶಃ ಎಳವೆಯಲ್ಲೇ ಎಲ್ಲೋ ರೋಗ ತಗಲಿ ಗೆದ್ದು ಬಂದಿದ್ದವು.

ಚಿರತೆ ಕೂಡಿಹಾಕಿದ್ದೀರೋ ಎಂದು ಕೇಳಿದ ನೆಂಟರಿಗೆ ನಾನು ನಿಜವಾದ ಚಿರತೆಯ ಸುದ್ದಿಯನ್ನೇ ಹೇಳಿದೆ. 2023ರ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಸತ್ತವು. ಕಾರಣ ಇದೇ ಪ್ಯಾನ್‌ಲ್ಯುಕೋಪೀನಿಯಾ. ಲಸಿಕೆ ಹಾಕಿದ್ದ ಮರಿಗಳು ಅವು. ವೈದ್ಯರು, ಬೇಲಿ, ಕಾವಲು ಎಲ್ಲ ಇರುವ ಜಾಗದಲ್ಲೇ ಹೀಗಾಗುವುದಾದರೆ, ಬಾಗಿಲು ಯಾವತ್ತೂ ತೆರೆದೇ ಇರುವ ನಮ್ಮ ಮಲೆನಾಡಿನ ಮನೆಗಳ ಗತಿ ಏನು? ನೆಂಟರು ಕಾಫಿ ಕುಡಿದು, ಕೈ ತೊಳೆದುಕೊಂಡು ಹೋದರು.

ಹಾಗೆ ನೋಡಿದರೆ ಬೇರೆ ಇಡುವುದು ನಮಗೇನು ಹೊಸತಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹುಷಾರಿಲ್ಲದ ದನವನ್ನು ಕೊಟ್ಟಿಗೆಯಿಂದ ದೂರ ಕಟ್ಟಿದವರು ನಾವೇ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಹೊರಗೆ ಹೋಗಿ ಗುಡಿಸಲು ಹಾಕಿಕೊಂಡಿದ್ದ ಕತೆಗಳನ್ನು ಅಜ್ಜಂದಿರಿಂದ ಕೇಳಿದವರೂ ನಾವೇ. ಕ್ವಾರಂಟೈನ್ ಎನ್ನುವ ಪದದ ಮೂಲ ಇಟಲಿಯ ಕಡೆಯ ನಲವತ್ತು ಎನ್ನುವ ಸಂಖ್ಯೆ. ಇಂದು ದುಬ್ರೋವ್ನಿಕ್ ಎನ್ನುವ ರಗೂಸಾ ಪಟ್ಟಣ 1377ರಲ್ಲಿ, ಪ್ಲೇಗಿನ ಊರುಗಳಿಂದ ಬಂದವರು 30 ದಿನ ಹೊರಗೇ ಕಾಯಬೇಕು ಎಂದು ನಿಯಮ ಮಾಡಿತ್ತು; ಆ ಮೂವತ್ತು ಮುಂದೆ ನಲವತ್ತಾಯಿತು. ಹೊರದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿ, ಮನೆಯ ಬಾಗಿಲಿಗೆ ಚೀಟಿ ಅಂಟಿಸಿದ 2020ರ ಮಾರ್ಚ್ ತಿಂಗಳು ನಮಗಿನ್ನೂ ಮರೆತಿಲ್ಲ. ಬೆಕ್ಕಿನ ವಿಷಯಕ್ಕೆ ಬಂದಾಗ ಮಾತ್ರ ಇದೆಲ್ಲ ನಮಗೆ ಕ್ರೌರ್ಯದ ಹಾಗೆ ಕಾಣುತ್ತದೆ.

ಅತ್ತೆಯವರನ್ನು ಕಡೆಗೂ ಒಪ್ಪಿಸಿದ್ದು ರಗೂಸಾ ಅಲ್ಲ, ಅಮೆ. ಮನೆಯಲ್ಲಿ ಮಗು ಹುಟ್ಟಿದಾಗ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ಹೊರಗಿನವರು ಬಾಣಂತಿ ಕೋಣೆಗೆ ಹೋಗುವ ಹಾಗಿರಲಿಲ್ಲ; ಆಮೇಲೂ ಬಂದವರು ಕಾಲು ತೊಳೆಯದೆ ಮಗುವನ್ನು ಮುಟ್ಟುವ ಹಾಗಿರಲಿಲ್ಲ. ನನ್ನ ಹೆರಿಗೆಯಲ್ಲಿ ಬಾಗಿಲಿಗೆ ಅಡ್ಡ ಕೂತು ಕಾವಲು ಕಾದವರು ಇವರೇ. "ಅತ್ತೆ, ನೀವು ನಂಗೆ ಮಾಡಿದ್ದನ್ನೇ ಅದಕ್ಕೆ ಮಾಡ್ತಿದೀನಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರೆ ಬಾಣಂತಿ ಕೋಣೆ ಬೆಚ್ಚಗಿರ್ಬೇಕು, ಗಾಳಿ ಆಡ್ಬಾರ್ದು" ಎಂದು ಒಳಗಿನಿಂದ ಹಳೆ ಕಂಬಳಿ ಹುಡುಕಿ ತಂದರು.

ಕಟ್ಟಿಗೆ ಕೋಣೆಯನ್ನು ಆರಿಸಿದ್ದಕ್ಕೂ ಅದೇ ಕಾರಣ. ಹಂಡೆಯ ಒಲೆಗೆ ಬೆನ್ನು ಕೊಟ್ಟ ಗೋಡೆ ಅದರದು, ಬೆಳಿಗ್ಗೆ ಸಂಜೆ ಬೆಚ್ಚಗಿರುತ್ತದೆ. ಸಿಮೆಂಟು ನೆಲ, ತೊಳೆಯಬಹುದು. ಕಟ್ಟಿಗೆಯನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ, ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಕಂಬಳಿ, ಇನ್ನೊಂದು ಮೂಲೆಯಲ್ಲಿ ಅಗಲದ ಟ್ರೇ ಇಟ್ಟೆ. ಟ್ರೇಯಲ್ಲಿ ಮರಳಿಗೆ ಭತ್ತದ ಹೊಟ್ಟು ಬೆರೆಸಿ ಹಾಕಿದೆ. ಪೇಟೆಯಲ್ಲಿ ಬೆಕ್ಕಿನ ಮರಳು ಎಂದು ಚೀಲದಲ್ಲಿ ಮಾರುತ್ತಾರೆ. ಗಿರಣಿ ಇರುವ ಊರಿನವರು ಅದಕ್ಕೆ ದುಡ್ಡು ಕೊಡುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಮರಿಗೆ ಯಾರೂ ಕಲಿಸಬೇಕಾಗಲಿಲ್ಲ, ಮೊದಲ ರಾತ್ರಿಯೇ ಕೆರೆದು ಮುಚ್ಚಿತ್ತು.

ದಿನಚರಿಗೆ ಒಂದು ಕ್ರಮ ಮಾಡಿಕೊಂಡೆ. ಮೊದಲು ಹಳೆಯ ಬೆಕ್ಕುಗಳ ಊಟ, ಮುದ್ದು ಎಲ್ಲ ಮುಗಿಯಬೇಕು. ಮರಿಯ ಸರದಿ ಯಾವತ್ತೂ ಕೊನೆಗೆ. ಒಳಗೆ ಹೋಗುವಾಗ ನೈಟಿ ಮೇಲೆ ಹಾಕಿಕೊಳ್ಳುವುದು, ಬರುವಾಗ ಅದನ್ನು ಅಲ್ಲೇ ಮೊಳೆಗೆ ಹಾಕಿ, ಸೋಪಿನಿಂದ ಮೊಣಕೈ ತನಕ ತೊಳೆಯುವುದು. ಕೊರೋನಾ ಕಾಲದ ಸ್ಯಾನಿಟೈಸರು ಮನೆಯಲ್ಲಿ ಇನ್ನೂ ಎರಡು ಸೀಸೆ ಇತ್ತು, ಆದರೆ ಆಲ್ಕೋಹಾಲಿಗೆ ಈ ವೈರಸ್ಸು ಬಗ್ಗುವುದಿಲ್ಲ. ಬಗ್ಗುವುದು ಬ್ಲೀಚಿಗೆ. ನೆಲವನ್ನು ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಬೇಕು. ಆಮೇಲೆ ಮನೆಬಳಕೆಯ ದ್ರವ ಬ್ಲೀಚು ಒಂದು ಪಾಲಿಗೆ 32 ಪಾಲು ನೀರು ಸೇರಿಸಿ ಒರೆಸಿ, ಹತ್ತು ನಿಮಿಷ ಹಾಗೇ ಬಿಟ್ಟು, ಮತ್ತೆ ನೀರಿನಲ್ಲಿ ಒರೆಸಿ ಒಣಗಿಸಬೇಕು. ಕೊಳೆಯ ಮೇಲೆಯೇ ಬ್ಲೀಚು ಸುರಿದರೆ ಅದು ಕೊಳೆಯ ಜೊತೆ ಹೋರಾಡಿ ಸುಸ್ತಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಏನೇ ಗಲೀಜಾದರೂ ಫಿನಾಯಿಲ್ ಸುರಿಯುವ ರೂಢಿ. ಬೆಕ್ಕಿನ ಪಿತ್ತಜನಕಾಂಗ, ಅಂದರೆ ಲಿವರ್, ಫಿನಾಲ್ ಜಾತಿಯ ರಾಸಾಯನಿಕವನ್ನು ನಮ್ಮ ಹಾಗೆ ಅರಗಿಸಿ ಹೊರಹಾಕಲಾರದು. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ಸಾಕು, ಮರಿಗೆ ವಿಷ. ಜ್ವರದ ಮಾತ್ರೆ ಪ್ಯಾರಾಸಿಟಮಾಲೂ ಹಾಗೆಯೇ. ಮಕ್ಕಳಿಗೆ ಕೊಡುವುದನ್ನೇ ಕಾಲು ಭಾಗ ಕೊಟ್ಟೆ ಎನ್ನುವವರನ್ನು ಕಂಡಿದ್ದೇನೆ. ಅದು ಬೆಕ್ಕನ್ನು ಕೊಲ್ಲುತ್ತದೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಚಿಗಟದ ಔಷಧವೂ ಬೆಕ್ಕಿಗೆ ಕೂಡದು.

ಚಿಗಟದ ಮಾತು ಬಂತು. ಎರಡನೇ ದಿನ ದಂಡುವನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಹೇನು ಹಣಿಗೆಯಿಂದ ಬಾಚಿದೆ. ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಉದುರಿದವು. ನೀರು ಚಿಮುಕಿಸಿದರೆ ಚುಕ್ಕೆಯ ಸುತ್ತ ಕೆಂಪು ಹರಡಿತು. ಬರೀ ಮಣ್ಣಾದರೆ ಕೆಂಪಾಗುವುದಿಲ್ಲ; ಚಿಗಟ ಕುಡಿದು ಹೊರಹಾಕಿದ ರಕ್ತ ಅದು. ಕಿವಿಯ ಹಿಂದೆ ಎರಡು ಉಣುಗೂ ಸಿಕ್ಕವು. ಉಣುಗು ಎಂದರೆ ಬೇರೆ ಊರಿನವರಿಗೆ ಅಸಹ್ಯ, ಸೊರಬದವರಿಗೆ ಚರಿತ್ರೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲ ಹಳ್ಳಿಯ ಜನ ಜ್ವರಕ್ಕೆ ಬಿದ್ದರು. ಹಳದಿ ಜ್ವರವೇನೋ ಎಂಬ ಅಂಜಿಕೆಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಅಲ್ಲಿಯ ತನಕ ಜಗತ್ತಿಗೆ ಗೊತ್ತೇ ಇರದ ವೈರಸ್ಸು, ಅದನ್ನು ಹೊತ್ತು ತಿರುಗುತ್ತಿದ್ದದ್ದು ಉಣುಗು. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ತಾಲ್ಲೂಕಿನ ಊರೊಂದರ ಹೆಸರು ಇದ್ದರೆ ಅದು ಚಂದ್ರಗುತ್ತಿಯದಲ್ಲ, ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಸೊರಬದ್ದೂ ಅಲ್ಲ. ಒಂದು ಕಾಯಿಲೆಗೆ ತನ್ನ ಹೆಸರು ಕೊಟ್ಟ ಕ್ಯಾಸನೂರಿನದು. ಈ ಮಂಗನ ಕಾಯಿಲೆಗೂ ಮನೆಬೆಕ್ಕಿಗೂ ನಂಟು ಕಟ್ಟಿ ಯಾರೂ ಗಾಬರಿಯಾಗಬೇಡಿ. ಆ ಉಣುಗಿನ ಕಾಟ ಹೆಚ್ಚು ಚಳಿಗಾಲದಿಂದ ಬೇಸಿಗೆಯ ತನಕ, ಕಾಡಿನಲ್ಲಿ. ಆದರೂ ಉಣುಗನ್ನು ಬೆರಳಲ್ಲಿ ಹಿಸುಕಬಾರದು ಎನ್ನುವುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಚಿಮ್ಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು, ಸೋಪಿನ ನೀರಿಗೆ ಹಾಕಿದೆ.

ಊಟದ್ದು ಬೇರೆಯೇ ರಾಮಾಯಣ. ಮರಿಗೆ ಹಾಲು ಎಂದು ಎಲ್ಲರ ಬಾಯಲ್ಲೂ. ಹಸುವಿನ ಹಾಲು ಬಹಳ ಮರಿಗಳಿಗೆ ಭೇದಿ ಮಾಡಿಸುತ್ತದೆ. ಬೆಕ್ಕಿಗೆ ಟಾರಿನ್ ಎನ್ನುವ ಒಂದು ಅಂಶ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸದಲ್ಲಿ. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ನಮ್ಮ ಮನೆಯ ಬೆಕ್ಕು ಮೊಸರನ್ನ ತಿಂದೇ ಗುಂಡಗಿದೆ ಎನ್ನುವವರು ಅದು ರಾತ್ರಿ ಅಟ್ಟದ ಮೇಲೆ ಏನು ತಿನ್ನುತ್ತದೆಂದು ನೋಡಿಲ್ಲ. ಕೋಣೆಯಲ್ಲಿ ಕೂಡಿಟ್ಟ ಮರಿಗೆ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವ ಹಾಗಿಲ್ಲವಾದ್ದರಿಂದ ಬಚ್ಚಲ ಒಲೆಯ ಮೇಲೆ ಒಂದು ಹಳೆ ತಪ್ಪಲೆಯಲ್ಲಿ ಮೊಟ್ಟೆ ಬೇಯಿಸಿದೆ, ಅಂಗಡಿಯಿಂದ ಮರಿಗಳ ಆಹಾರ ತರಿಸಿ ನೀರಲ್ಲಿ ನೆನೆಸಿ ಕೊಟ್ಟೆ. ಅತ್ತೆ ಮೂಗು ಮುಚ್ಚಿಕೊಂಡರು, ಏನೂ ಅನ್ನಲಿಲ್ಲ.

ಆರನೇ ದಿನ ಭೇದಿ ಶುರುವಾಯಿತು. ಪುಟ್ಟಿಯ ನೀರಿನ ಬಟ್ಟಲು ಕಣ್ಣ ಮುಂದೆ ಬಂತು. ಮರಿಯ ಮಲವನ್ನು ಡಬ್ಬಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ನಕ್ಕರು: ಜಂತುಹುಳ. ತಾಯಿಯ ಹಾಲಿನಲ್ಲೇ ಮರಿಗೆ ಇಳಿದು ಬರುತ್ತವಂತೆ. ಔಷಧ ಕುಡಿಸಿದ ಮರುದಿನ ಟ್ರೇಯಲ್ಲಿ ಶಾವಿಗೆಯ ಹಾಗೆ ಬಿದ್ದಿದ್ದವು. ಎರಡು ವಾರ ಬಿಟ್ಟು ಮತ್ತೊಂದು ಸಲ ಕುಡಿಸಿದೆವು. ಆ ದಿನ ನನಗೆ ಹುಳ ಕಂಡದ್ದರಿಂದಾದ ಸಂತೋಷವನ್ನು ಯಾರಿಗೂ ವಿವರಿಸಲಿಕ್ಕೆ ಆಗಲಿಲ್ಲ.

ಒಂಟಿಯಾಗಿ ಇಟ್ಟ ಮರಿಗೆ ಇನ್ನೊಂದು ಅಪಾಯವಿದೆ, ಮನುಷ್ಯರ ಅಭ್ಯಾಸವೇ ತಪ್ಪುವುದು. ಎರಡನೇ ವಾರದಿಂದ ಏಳನೇ ವಾರದ ತನಕ ಬೆಕ್ಕಿನ ಮರಿ ಯಾರನ್ನು ನೋಡುತ್ತದೋ ಅವರನ್ನು ತನ್ನವರೆಂದು ಹಚ್ಚಿಕೊಳ್ಳುತ್ತದೆ. ದಂಡುವಿಗೆ ಆಗಲೇ ಆರು ವಾರ. ಆದ್ದರಿಂದ ಬೇರೆ ಇಡುವುದು ಬೆಕ್ಕುಗಳಿಂದ, ನಮ್ಮಿಂದಲ್ಲ. ಮೊಮ್ಮಗನಿಗೆ ಶಾಲೆ, ನನಗೆ ಅಡಿಕೆ ತೋಟದ ಔಷಧಿ ಹೊಡೆಯುವವರ ಗಲಾಟೆ. ಉಳಿದವರು ಅತ್ತೆ. ಕೋಣೆಯೊಳಗೆ ಕೂತು ಮಾತಾಡಿಸಬೇಕಾದರೆ ನೈಟಿ ಹಾಕಲೇಬೇಕು ಎಂದೆ. ಜನ್ಮದಲ್ಲಿ ಮೊದಲ ಸಲ, ಸೀರೆಯ ಮೇಲೆಯೇ, ಹಾಕಿದರು. ದಿನಾ ಮಧ್ಯಾಹ್ನ ಒಂದು ಗಂಟೆ ಮಣೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತ ದಂಡುವಿಗೆ ನಮ್ಮ ಮನೆಯ ಮೂರು ತಲೆಮಾರಿನ ಜಗಳಗಳನ್ನೆಲ್ಲ ಹೇಳಿದ್ದಾರೆ. ಬಾಗಿಲ ಹೊರಗೆ ನಿಂತು ನಾನು ಕೇಳಬಾರದ್ದನ್ನೂ ಕೇಳಿದೆ. ಹೊಸೆದ ಬತ್ತಿ ಮಾತ್ರ ದೇವರ ಮುಂದೆ ಹೋಗಲಿಲ್ಲ, ಮರಿ ಅದನ್ನೆಲ್ಲ ಉರುಳಾಡಿಸಿ ಹಾಳು ಮಾಡುತ್ತಿತ್ತು.

ಹಳೆಯ ಬೆಕ್ಕುಗಳು ಏನು ಮಾಡುತ್ತಿದ್ದವು? ಬೂದಿ ಮೂರು ದಿನ ಬಾಗಿಲನ್ನು ಮೂಸಿ, ಆಮೇಲೆ ಒಲೆಗೆ ಮರಳಿದಳು. ಕೆಂಚ ನನ್ನ ಕಾಲು ಮೂಸಿ, ಹಿಸ್ಸೆಂದು, ಬೆನ್ನು ಹಾಕಿ ಕೂರುತ್ತಿದ್ದ. ಬೆಕ್ಕುಗಳಿಗೆ ಪರಿಚಯ ಎಂದರೆ ಮೊದಲು ಮೂಗಿನ ಪರಿಚಯ. ಮರಿಗೆ ರೋಗವಿಲ್ಲ ಎಂದು ವೈದ್ಯರು ಹೇಳಿದ ಮೇಲೆ, ಹನ್ನೆರಡನೇ ದಿನದಿಂದ, ಒಂದು ಚೂರು ಬಟ್ಟೆಯನ್ನು ಮರಿಯ ಕೆನ್ನೆಗೆ ಉಜ್ಜಿ ಕೆಂಚನ ತಟ್ಟೆಯ ಪಕ್ಕ ಇಟ್ಟೆ, ಕೆಂಚನ ಕೆನ್ನೆಯದನ್ನು ಮರಿಯ ಪೆಟ್ಟಿಗೆಯಲ್ಲಿ. ವಾಸನೆಯ ಗ್ರಂಥಿ ಇರುವುದು ಕೆನ್ನೆಯಲ್ಲಿ. ಮೊದಲ ದಿನ ಕೆಂಚ ಊಟ ಬಿಟ್ಟ. ಮೂರನೇ ದಿನ ಬಟ್ಟೆಯ ಮೇಲೆಯೇ ಕೂತು ತಿಂದ. ಹದಿನೈದನೇ ದಿನ ಬಾಗಿಲು ತೆಗೆದು, ಕಿಟಕಿಯ ಸೊಳ್ಳೆ ಜಾಲರಿಯ ಚೌಕಟ್ಟನ್ನು ಅಡ್ಡ ನಿಲ್ಲಿಸಿ, ಆಚೆ ಈಚೆ ಎರಡೂ ಕಡೆ ಊಟ ಇಟ್ಟೆ. ನಾಲ್ಕು ದಿನ ಹಾಗೇ ನಡೆಯಿತು. ಅವಸರ ಮಾಡಿದರೆ ಒಂದು ಜಗಳಕ್ಕೆ ತಿಂಗಳುಗಟ್ಟಲೆ ಹಗೆ ಸಾಧಿಸುತ್ತವೆ, ಈ ವಿಷಯದಲ್ಲಿ ಅವು ನಮ್ಮ ಮನೆತನದವೇ. ಜಾಲರಿ ತೆಗೆದ ದಿನ ಮರಿ ನೇರ ಕೆಂಚನ ಬಾಲ ಹಿಡಿಯಿತು. ಕೆಂಚ ಒಂದು ಏಟು ಕೊಟ್ಟ, ಉಗುರು ಹೊರಗೆ ತೆಗೆಯದೆ. ಅಷ್ಟೇ.

ಲಸಿಕೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಪ್ಯಾನ್‌ಲ್ಯುಕೋಪೀನಿಯಾ ಮತ್ತು ಬೆಕ್ಕಿನ ಶೀತಜ್ವರ ತರುವ ಎರಡು ವೈರಸ್ಸು, ಮೂರಕ್ಕೂ ಸೇರಿ ಒಂದೇ ಸೂಜಿ. ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಒಂದೇ ಸಲ ಯಾಕೆ ಸಾಲದು ಎಂದರೆ, ತಾಯಿಯಿಂದ ಬಂದ ರಕ್ಷೆ ಮರಿಯ ರಕ್ತದಲ್ಲಿ ಇರುವ ತನಕ ಲಸಿಕೆ ಹತ್ತುವುದಿಲ್ಲ, ಆ ರಕ್ಷೆ ಒಂದೊಂದು ಮರಿಯಲ್ಲಿ ಒಂದೊಂದು ಹೊತ್ತಿಗೆ ಇಳಿಯುತ್ತದೆ. ರೇಬೀಸಿನದು ಬೇರೆ ಸೂಜಿ, ಮೂರು ತಿಂಗಳಿಗೆ. ಬೀದಿಯಿಂದ ತಂದ ಮರಿ ಕಚ್ಚಿದರೆ, ಪರಚಿದರೆ ಮರಿಯ ಪಾಪದ ಮುಖ ನೋಡುತ್ತ ಕೂರಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಬೆಕ್ಕಿನ ಮೂರು ರೋಗದ ಲಸಿಕೆ ನಮಗೆ ಹತ್ತಿರದಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ಐಸಿನ ಡಬ್ಬಿಯಲ್ಲಿ ತರಿಸಿ ಹಾಕಿಸಿದೆವು. ಈ ಸಲ ಕೆಂಚನಿಗೂ ಬೂದಿಗೂ ಆಯಿತು.

ದಂಡು ಹೆಣ್ಣು ಎಂದು ಗೊತ್ತಾದದ್ದು ಆಮೇಲೆ. ಐದು ತಿಂಗಳಿಗೆ ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು, ಬೂದಿಗೆ ಪುಟ್ಟಿ ಹೋದ ವರ್ಷವೇ ಆಗಿತ್ತು. ಬೆಕ್ಕಿನ ಬಸಿರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು, ಪ್ರತಿ ಸೂಲಿಗೂ ನಾಲ್ಕಾರು ಮರಿ. ದಂಡಾವತಿ ಸೇತುವೆಯ ಗೋಣಿಚೀಲ ತುಂಬುವುದು ಈ ಲೆಕ್ಕದಿಂದಲೇ. ಕೇಳುಗರೇ, ನಿಮ್ಮ ಮನೆಯ ಹೆಣ್ಣು ಬೆಕ್ಕಿಗೆ ಐದು ತಿಂಗಳು ತುಂಬಿದ್ದರೆ ಈ ವಾರ ಪಶುವೈದ್ಯರನ್ನು ಕಂಡು ಬನ್ನಿ. ಮರಿ ಬೇಡವಾಗಿದ್ದರೆ ಆ ಚೀಲ ಹೊತ್ತುಕೊಂಡು ಹೊಳೆಯ ಕಡೆ ಹೋಗಬೇಡಿ. ನಮ್ಮ ಕಟ್ಟಿಗೆ ಕೋಣೆಗೆ ಕಟ್ಟಿಗೆ ಇನ್ನೂ ವಾಪಸು ಹಾಕಿಲ್ಲ. ಅತ್ತೆ ಹಾಕಲಿಕ್ಕೆ ಬಿಟ್ಟಿಲ್ಲ.